ಸೈಲೆನ್ಸರ್ ಕಳಚಿದವರು, ಕಳಚಿಕೊಟ್ಟವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಯಮಹಾ ಆರ್‌ಎಕ್ಸ್ 100 ಬೈಕುಗಳ ಪೈಕಿ ಎಷ್ಟರಲ್ಲಿ ಕಂಪೆನಿಯ ಸೈಲೆನ್ಸರ್ ಉಳಿದಿದೆ? 1985ರಲ್ಲಿ ಮಾರುಕಟ್ಟೆಗೆ ಬಂದು 1996ರಲ್ಲಿ ತಯಾರಿಕೆ ನಿಂತ, ಕೇವಲ 98 ಸಿಸಿಯ ಈ ಟೂ-ಸ್ಟ್ರೋಕ್ ಬೈಕಿನ ಮೇಲೆ, ಅದು ನಿಂತ ಮೇಲೆ ಹುಟ್ಟಿದ ತರುಣರಿಗಿರುವ ವ್ಯಾಮೋಹ ಸಣ್ಣದಲ್ಲ. ವ್ಯಾಮೋಹದ ಬಗ್ಗೆ ನಮಗೆ ತಕರಾರಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನು ಹಿಂದಿನ ತಲೆಮಾರು ಇದೇ ರೀತಿ ಪ್ರೀತಿಸಿತ್ತು. ತಕರಾರಿರುವುದು, ಬೈಕ್ ಕೈಗೆ ಬಂದ ವಾರದೊಳಗೆ ಅದರ ಸೈಲೆನ್ಸರ್ ಕಳಚಿಸಿ, ಊರನ್ನೇ ಎಬ್ಬಿಸುವ ಕೊಳವೆಯೊಂದನ್ನು ಜೋಡಿಸುವ ಚಾಳಿಯ ಬಗ್ಗೆ.

ಹೀಗೆ ಮಾಡಿದರೆ ಬೈಕಿನ ಶಕ್ತಿ ಹೆಚ್ಚುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಸಿಗುವ ಸಮರ್ಥನೆ. ಇದರಲ್ಲಿ ಅರ್ಧ ಸತ್ಯವಿದೆ, ಅರ್ಧ ಸತ್ಯವೇ ಹೆಚ್ಚು ಕೆಡುಕನ್ನು ಮಾಡಿದೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಫೋರ್-ಸ್ಟ್ರೋಕ್‌ನಂತೆ ವಾಲ್ವುಗಳಿಲ್ಲ. ಸುಟ್ಟ ಹೊಗೆ ಹೊರಹೋಗುವ ಮತ್ತು ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ದ್ವಾರಗಳು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆ ಹೊತ್ತಿನಲ್ಲಿ ಹೊಸ ಮಿಶ್ರಣವೂ ಹೊಗೆಯ ಹಿಂದೆಯೇ ಸೋರಿಹೋಗದಂತೆ ತಡೆಯುವುದು ಸೈಲೆನ್ಸರ್ ಕೊಳವೆಯ ಒಳ ಆಕಾರ. ಅಗಲವಾಗುತ್ತಾ ಹೋಗುವ ಭಾಗ ಹೊಗೆಯನ್ನು ಸೆಳೆಯುತ್ತದೆ, ಮತ್ತೆ ಕಿರಿದಾಗುವ ಭಾಗ ಒತ್ತಡದ ಅಲೆಯನ್ನು ಹಿಂದಕ್ಕೆ ತಳ್ಳಿ ಸೋರಿದ ಮಿಶ್ರಣವನ್ನು ಸಿಲಿಂಡರಿಗೆ ಮರಳಿಸುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪೆನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಈ ವಿದ್ಯೆಯನ್ನು ಪಳಗಿಸಿದರು. 1961ರಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ತೊರೆದು ಪಾರಾದಾಗ ಅದು ಜಪಾನಿನ ಸುಝುಕಿಗೆ ತಲುಪಿತು. ಅಂದರೆ ಟೂ-ಸ್ಟ್ರೋಕ್‌ನ ಸೈಲೆನ್ಸರ್ ಬರಿಯ ಹೊಗೆಕೊಳವೆಯಲ್ಲ, ಎಂಜಿನ್ನಿನ ಒಂದು ಅಂಗ.

ರೇಸಿಗೆಂದು ಲೆಕ್ಕ ಹಾಕಿ ಮಾಡಿದ ಕೊಳವೆ ಶಕ್ತಿಯನ್ನು ಕೊಡುತ್ತದೆ, ನಿಜ. ಆದರೆ ಎಂಜಿನ್ ಅತಿ ವೇಗವಾಗಿ ತಿರುಗುವ ಒಂದು ಕಿರಿದಾದ ಅಂತರದಲ್ಲಿ ಮಾತ್ರ. ಬಿ.ಸಿ.ರೋಡಿನ ವಾಹನದಟ್ಟಣೆಯಲ್ಲಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆ ಅಂತರ ಸಿಗುವುದೆಲ್ಲಿ? ಅದಕ್ಕಿಂತ ಕೆಳಗೆ ಬೈಕ್ ಮೊದಲಿಗಿಂತ ಮಂದವಾಗುತ್ತದೆ. ಕಾರ್ಬುರೇಟರ್‌ನ ಜೆಟ್ ಬದಲಿಸದೆ ಕೊಳವೆಯನ್ನಷ್ಟೇ ಬದಲಿಸಿದರೆ ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಹಿಂದಿನ ಚಕ್ರ ಹಠಾತ್ತನೆ ನಿಂತುಬಿಡುವುದೆಂದರೆ ಏನೆಂದು ಸವಾರರಿಗೆ ವಿವರಿಸಬೇಕಾಗಿಲ್ಲ. ಇನ್ನು, ಹೆಚ್ಚಿನವರು ಮಾಡಿಸುವುದು ಇಷ್ಟನ್ನೂ ಅಲ್ಲ. ಸೈಲೆನ್ಸರಿನ ಬಾಲದಿಂದ ಬ್ಯಾಫಲ್ ಎಳೆದು ಬಿಸಾಡಿ, ಹುಟ್ಟುವ ಸದ್ದನ್ನೇ ಶಕ್ತಿಯೆಂದು ನಂಬುತ್ತಾರೆ. ಗಲ್ಫಿನಲ್ಲಿ ಬೆವರು ಸುರಿಸುವ ತಂದೆ ಕಳುಹಿಸಿದ ದುಡ್ಡು ಹೀಗೆ ಹೊಗೆಯಾಗಿ ಹೋಗುತ್ತದೆ.

ಆ ಸದ್ದನ್ನು ಕೇಳುವವರ ಪಾಡೇನು? 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯವನ್ನು ಗುರುತಿಸಿವೆ. ಅಲ್ಲಿ ಹಗಲು 50, ರಾತ್ರಿ ಹತ್ತರ ನಂತರ 40 ಡೆಸಿಬೆಲ್ ಮಿತಿ. ಮೂಡುಬಿದಿರೆ, ಉಜಿರೆಗಳಂಥ ವಿದ್ಯಾಕೇಂದ್ರಗಳಲ್ಲಿ ಈ ಮಿತಿಯನ್ನು ದಿನಕ್ಕೆಷ್ಟು ಸಲ ಮೀರಲಾಗುತ್ತದೆಂದು ಎಣಿಸುವವರಾರು?

ನಮ್ಮ ತಾಲೂಕುಗಳ ಮಟ್ಟಿಗೆ ಇದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ. 2017ರಲ್ಲಿ ಕಲ್ಲಡ್ಕ, ಬಂಟ್ವಾಳ ಪರಿಸರ ವಾರಗಟ್ಟಲೆ ನಿಷೇಧಾಜ್ಞೆಯಡಿ ಉಸಿರು ಬಿಗಿಹಿಡಿದು ಬದುಕಿತು. ಅಂಥ ದಿನಗಳಲ್ಲಿ ಆರಾಧನಾಲಯದ ಮುಂದೆ ಗುಡುಗುತ್ತಾ ಹೋದ ಬೈಕನ್ನು ಯಾರೂ ಬರಿಯ ಬೈಕೆಂದು ನೋಡುವುದಿಲ್ಲ. ಸವಾರನ ಹೆಸರನ್ನು ಹುಡುಕುತ್ತಾರೆ. ಮದುವೆಯ ದಿಬ್ಬಣ, ಮೀಲಾದ್ ರ್‍ಯಾಲಿ, ಗಣೇಶನ ಮೆರವಣಿಗೆ, ಚುನಾವಣೆಯ ವಿಜಯೋತ್ಸವ ಎಲ್ಲದರಲ್ಲೂ ಇದೇ ಸದ್ದಿದೆ. ಹಾಗಿದ್ದೂ ಪ್ರತಿಯೊಬ್ಬರಿಗೂ ಕೇಳಿಸುವುದು ಪರರ ಸೈಲೆನ್ಸರ್ ಮಾತ್ರ. ನಮ್ಮ ಜಮಾಅತ್‌ಗಳು ಮೊದಲು ನಮ್ಮದನ್ನು ಕೇಳಿಸಿಕೊಳ್ಳಲಿ.

ಕಾನೂನಿಗೆ ಬರಗಾಲವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳನ್ನು ಮೀರಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೂರು ತಿಂಗಳ ಸಜೆ ಅಥವಾ 10,000 ರೂ.ವರೆಗೆ ದಂಡ ಬೀಳಬಹುದು, ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಬದಲಾವಣೆ ಮಾಡಿಸಿದ ಮಾಲಕನಿಗೆ ಆರು ತಿಂಗಳ ಸಜೆ ಅಥವಾ 5,000 ರೂ. ದಂಡ. ವಾಹನ ತಯಾರಕ, ಆಮದುದಾರ, ಡೀಲರ್ ಇದನ್ನು ಮಾಡಿದರೆ ದಂಡ 1 ಲಕ್ಷ. ಆದರೆ ಗಾಜಿನ ಕಪಾಟಿನಲ್ಲಿ ಕೊಳವೆಗಳನ್ನು ಸಾಲಾಗಿ ನೇತುಹಾಕಿ ಮಾರುವ ಬಿಡಿಭಾಗದ ಅಂಗಡಿ, ಅದನ್ನು ಬೆಸುಗೆ ಹಾಕಿಕೊಡುವ ಗ್ಯಾರೇಜ್ ಈ ಪಟ್ಟಿಯಲ್ಲಿಲ್ಲ. ರೇಸಿಗೆ ಮಾತ್ರ ಎಂಬ ಸಬೂಬನ್ನು ಅವರು ಹೇಳಬಹುದು. ಆದರೆ ಹೆಸರಾಂತ ರೇಸ್ ಟ್ರ್ಯಾಕುಗಳಿರುವುದು ಚೆನ್ನೈ ಮತ್ತು ಕೊಯಮತ್ತೂರಿನ ಬಳಿ, ಗುರುವಾಯನಕೆರೆಯಲ್ಲಲ್ಲ! ರಾಜ್ಯದ ಹಲವೆಡೆ ಪೊಲೀಸರು ವಶಪಡಿಸಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿ ಚಿತ್ರ ತೆಗೆಸಿಕೊಂಡರು. ಮರುದಿನ ಅದೇ ಮಾಲು ಅಂಗಡಿಯಲ್ಲಿ ಸಿಗುವುದಾದರೆ ನಜ್ಜುಗುಜ್ಜಾದದ್ದೇನು? ಮೂಡುಬಿದಿರೆ ಠಾಣೆ ಮಂಗಳೂರು ಕಮಿಷನರೇಟಿಗೆ ಸೇರಿದ್ದು, ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್ಪಿಯವರಿಗೆ. ಸಿದ್ದಕಟ್ಟೆ, ವೇಣೂರು ರಸ್ತೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ಸವಾರ ಗಡಿ ದಾಟುತ್ತಾನೆ. ಎರಡೂ ಕಡೆಯವರು ಮತ್ತು ಸಾರಿಗೆ ಇಲಾಖೆಯವರು ಒಟ್ಟಾಗಿ ಮೊದಲು ಅಂಗಡಿಗಳ ಮೆಟ್ಟಿಲು ಹತ್ತಲಿ. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆಂದು ಒಂದು ದಿನದ ಮಟ್ಟಿಗೆ ಹಳೆಯ ಸೈಲೆನ್ಸರ್ ಜೋಡಿಸಿ ತೋರಿಸುವ ನಾಟಕಕ್ಕೂ ತೆರೆ ಬೀಳಲಿ.

ತರುಣರಿಗೆ ಹೇಳಬೇಕಾದದ್ದು ಬೇರೆ. ಹಳೆಯ ಬೈಕಿನ ಪಿಕಪ್ ಕುಂದಿದ್ದರೆ ಬಹಳಷ್ಟು ಸಲ ಕಾರಣ ಸೈಲೆನ್ಸರಿನೊಳಗೆ ಗಟ್ಟಿಯಾಗಿ ಕೂತ ಮಸಿ. ಪೆಟ್ರೋಲಿನ ಜತೆ ಉರಿಯುವ ಟೂ-ಟಿ ಎಣ್ಣೆಯಿಂದ ಅದು ಕಟ್ಟುತ್ತಲೇ ಇರುತ್ತದೆ. ಒಳ್ಳೆಯ ಮೆಕ್ಯಾನಿಕ್ ಬ್ಯಾಫಲನ್ನು ಹೊರತೆಗೆದು, ಮಸಿ ಕೆರೆದು, ಸಿಲಿಂಡರಿನ ಹೊಗೆದ್ವಾರವನ್ನೂ ಶುಚಿ ಮಾಡಿ, ಅದೇ ಬ್ಯಾಫಲನ್ನು ಅದೇ ಜಾಗಕ್ಕೆ ಬಿಗಿಯಬಲ್ಲ.