ಹಸಿವಿನ ಶಾಸ್ತ್ರವೂ ತೋಟದ ಕೂಲಿಯೂ

ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಡಾ. ವಿ. ಸುಬ್ರಹ್ಮಣ್ಯನ್. ಅದಕ್ಕೆ ಮುಂಚೆ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರು. ದೇಶವು ಅನ್ನಕ್ಕಾಗಿ ಹೊರನಾಡಿನ ಹಡಗುಗಳ ದಾರಿ ಕಾಯುತ್ತಿದ್ದ ಕಾಲವದು. ಪ್ರಯೋಗಶಾಲೆಯ ವಿದ್ಯೆ ಬಡವನ ತಟ್ಟೆಗೆ ಇಳಿಯಬೇಕೆಂದು ಅವರು ದುಡಿದರು. ಎಣ್ಣೆ ತೆಗೆದ ಕಡಲೆಕಾಯಿಯ ಶುದ್ಧ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು, ಅದಕ್ಕೆ ವಿಟಮಿನ್ನು, ಸುಣ್ಣದ ಅಂಶ ಬೆರೆಸಿದ ಪುಷ್ಟಿಕರ ಆಹಾರ ಅಲ್ಲಿ ತಯಾರಾಯಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವೂ ಅಲ್ಲಿಯದೇ.

ಈ ಸೇವೆಗೆ ನಾವು ತಲೆಬಾಗುತ್ತೇವೆ. ಆದರೆ ಶಾಸ್ತ್ರವು ಅಲ್ಲಿಗೇ ನಿಲ್ಲಲಿಲ್ಲ. ಬಡಮಕ್ಕಳಿಗೆ ಕೊರತೆಯಾಗಿರುವುದು ಪ್ರೋಟೀನೊಂದೇ ಎಂದು ಪಂಡಿತರು ನಂಬಿದ್ದಾಗ, ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಬೇರೆ ಮಾತು ಹೇಳಿದರು. ಮನೆಯ ಅದೇ ಅನ್ನ, ಬೇಳೆ ಹೊಟ್ಟೆ ತುಂಬ ಸಿಕ್ಕರೆ ಆ ಕೊರತೆ ಬಹುಮಟ್ಟಿಗೆ ತಾನೇ ನೀಗುತ್ತದೆ ಎಂದರು. ಹಾಗಾದರೆ ಹೊಟ್ಟೆ ತುಂಬುವಷ್ಟು ಅನ್ನ ಮನೆಗೆ ಬರುವುದು ಎಲ್ಲಿಂದ? ಕೂಲಿಯಿಂದ.

ಇದನ್ನು ಸರಕಾರವೂ ಒಪ್ಪಿತ್ತು. ಕನಿಷ್ಠ ಕೂಲಿಯನ್ನು ಡಾ. ಏಕ್ರಾಯ್ಡ್ ಸೂಚಿಸಿದ ಆಹಾರದ ಲೆಕ್ಕದ ಮೇಲೆ, ದುಡಿಯುವವನೊಬ್ಬನಿಗೆ ಕುಟುಂಬದ 3 ಪಾಲೆಂದು ಹಿಡಿದು ಕಟ್ಟಬೇಕೆಂದು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ನಿರ್ಣಯಿಸಿತು. ಮಾಲೀಕರ ಪ್ರತಿನಿಧಿಗಳೂ ಆ ಸಭೆಯಲ್ಲಿದ್ದರು.

ಮೂಡಿಗೆರೆ, ಕಳಸಗಳ ಕಡೆ ನೋಡೋಣ. ತಾಯಿ ಕಾಫಿ ಹಣ್ಣು ಕುಯ್ಯಲು ಹೋದರೆ ಲೈನಿನಲ್ಲಿ ಉಳಿದ ಕೂಸಿಗೆ ಉಣಿಸುವವರು ಯಾರು? 50 ಮಂದಿ ಹೆಣ್ಣಾಳುಗಳಿದ್ದ ತೋಟದಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತು. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ಐದಾರು ಆಳು ದುಡಿಯುವ ಕಡೆ ಆ ಕಾಯಿದೆಯ ಕೈ ಮುಟ್ಟಲೇ ಇಲ್ಲ. ಚಿಕ್ಕ ಬೆಳೆಗಾರನೊಬ್ಬನ ಮೇಲೆಯೇ ಈ ಭಾರ ಹೊರಿಸುವುದು ನ್ಯಾಯವಲ್ಲ. ಹಾಗೆಂದು ಕೂಸನ್ನು ಹಸಿದಿರಿಸುವುದು ನ್ಯಾಯವೇ?

ನಮ್ಮ ಬೇಡಿಕೆ ಎರಡು. ಹತ್ತಾರು ಚಿಕ್ಕ ತೋಟಗಳಿಗೆ ಒಂದರಂತೆ, ಪಂಚಾಯಿತಿಯ ಹೊಣೆಯಲ್ಲಿ, ಬಿಸಿಯೂಟವಿರುವ ಶಿಶುಗೃಹಗಳು ಕೊಯ್ಲಿಗೆ ಮುಂಚೆ ತೆರೆಯಲಿ. ಕೂಲಿ ನಿಗದಿ ಮಾಡುವಾಗ 1957ರ ಆಹಾರದ ಲೆಕ್ಕವನ್ನು ಮೇಜಿನ ಮೇಲಿಟ್ಟು, ಇಂದಿನ ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಕಟ್ಟಿ, ಆ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ವಿಜ್ಞಾನಿಗಳು ತಮ್ಮ ಕೆಲಸ ಮಾಡಿದ್ದಾರೆ. ಉಳಿದದ್ದು ಆಳುವವರ ಕೆಲಸ, ಅದನ್ನು ಮಾಡಿಸುವುದು ದುಡಿಯುವ ಜನರ ಕೆಲಸ.