ಕ್ಯಾಸಿನಿಯನ್ನು ಸುಟ್ಟದ್ದು ಸರಿ



ಶನಿ ಗ್ರಹವನ್ನು 13 ವರ್ಷ ಸುತ್ತಿದ ಕ್ಯಾಸಿನಿ ಎಂಬ ಗಗನನೌಕೆಯನ್ನು 2017ರ ಸೆಪ್ಟೆಂಬರ್ 15ರಂದು ವಿಜ್ಞಾನಿಗಳೇ ಬೇಕೆಂದು ಶನಿಯ ವಾತಾವರಣದೊಳಕ್ಕೆ ಬೀಳಿಸಿ ಸುಟ್ಟುಬಿಟ್ಟರು. ತರಗತಿಯಲ್ಲಿ ಈ ವಿಷಯ ಬಂದಾಗ ಬಹಳ ಜನ "ಅಯ್ಯೋ, ಅಷ್ಟು ದುಡ್ಡು ಸುರಿದು ಮಾಡಿದ್ದನ್ನ ಸುಡೋದಾ? ಸುಮ್ನೆ ಸುತ್ತೋಕೆ ಬಿಡಬೇಕಿತ್ತು" ಅಂದರು. ನನ್ನ ಅಭಿಪ್ರಾಯ ಬೇರೆ. ಸುಟ್ಟದ್ದೇ ಸರಿ.

ಕಾರಣ ಎನ್ಸೆಲಾಡಸ್. ಇದು ಶನಿಯ ಒಂದು ಪುಟ್ಟ ಚಂದ್ರ. ವ್ಯಾಸ ಸುಮಾರು 500 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಷ್ಟು ದೂರ. ಮೈಯೆಲ್ಲ ಮಂಜುಗಡ್ಡೆ. ಚಳಿ ಸೊನ್ನೆಗಿಂತ 200 ಡಿಗ್ರಿ ಕೆಳಗೆ. ಆದರೆ 2005ರಲ್ಲಿ ಕ್ಯಾಸಿನಿ ಹತ್ತಿರ ಹೋಗಿ ನೋಡಿದಾಗ ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ, ಮಂಜಿನ ಪುಡಿ ಕಾರಂಜಿಯ ಹಾಗೆ ಚಿಮ್ಮುತ್ತಿತ್ತು. ಗಡ್ಡೆಯ ಕೆಳಗೆ ಸಮುದ್ರವೇ ಇದೆ! ಸೂರ್ಯನ ಬಿಸಿ ಅಲ್ಲಿಗೆ ಸಾಲದು. ಆ ಚಂದ್ರ ಸುತ್ತುವಾಗ ಶನಿ ಅದನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಎಳೆಯುತ್ತದೆ. ಹಾಗೆ ಹಿಗ್ಗಿ ಕುಗ್ಗಿ ಒಳಗೆ ಬಿಸಿ ಹುಟ್ಟುತ್ತದೆ. (ಒಂದು ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುಟ್ಟಿ ನೋಡಿ, ಗೊತ್ತಾಗುತ್ತೆ.)

ಕ್ಯಾಸಿನಿ ಆ ಕಾರಂಜಿಯೊಳಗೇ ತೂರಿ ಹೋಯಿತು. 2015ರಲ್ಲಂತೂ ನೆಲದಿಂದ ಬರೀ 49 ಕಿಲೋಮೀಟರ್ ಎತ್ತರದಲ್ಲಿ! ಉಪ್ಪು, ಇಂಗಾಲದ ಡೈ ಆಕ್ಸೈಡ್, ಮೀಥೇನ್, ಹೈಡ್ರೋಜನ್ ಎಲ್ಲಾ ಸಿಕ್ಕವು. ಅದು ಕಳಿಸಿದ್ದ ಹಳೇ ಮಾಹಿತಿಯಲ್ಲೇ ರಂಜಕವೂ ಇದ್ದದ್ದು 2023ರಲ್ಲಿ ಗೊತ್ತಾಯಿತು. ಹೈಡ್ರೋಜನ್, ಇಂಗಾಲದ ಡೈ ಆಕ್ಸೈಡ್ ಬಳಸಿಕೊಂಡು ಮೀಥೇನ್ ಬಿಡುವ ಸೂಕ್ಷ್ಮಜೀವಿಗಳು ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲೂ ಇವೆ. ಹಾಗಂತ ಎನ್ಸೆಲಾಡಸ್‌ನಲ್ಲಿ ಜೀವ ಇದ್ದೇ ಇದೆ ಅಂತಲ್ಲ, ಜೀವಿ ಇಲ್ಲದೆಯೂ ಮೀಥೇನ್ ಆಗಬಹುದು. ಇರಬಹುದು, ಅಷ್ಟೇ.

ಈಗ ಯೋಚಿಸಿ. ಕ್ಯಾಸಿನಿಯ ಇಂಧನ ಮುಗಿಯುತ್ತಾ ಬಂದಿತ್ತು. ಮುಗಿದ ಮೇಲೆ ಅದನ್ನು ತಿರುಗಿಸುವವರು ಯಾರು? ಎಂದೋ ಒಂದು ದಿನ ಎನ್ಸೆಲಾಡಸ್‌ಗೇ ಡಿಕ್ಕಿ ಹೊಡೆದರೆ? ನೌಕೆಗೆ ಅಂಟಿಕೊಂಡು ಹೋದ ನಮ್ಮ ಬ್ಯಾಕ್ಟೀರಿಯಾ ಇನ್ನೂ ಬದುಕಿದ್ದರೆ? ಜೊತೆಗೆ ಅದರೊಳಗಿನ ಪ್ಲುಟೋನಿಯಂ ಸದಾ ಬಿಸಿ, ಗಡ್ಡೆಯನ್ನು ಕರಗಿಸೀತು. ಹಾಲಿನ ಪಾತ್ರೆಗೆ ಒಂದು ತೊಟ್ಟು ಹೆಪ್ಪು ಬಿದ್ದರೆ ಸಾಕಲ್ಲ! ಮುಂದೆ ಯಾರಾದರೂ ಹೋಗಿ ಅಲ್ಲಿ ಜೀವಿಯನ್ನು ಕಂಡರೂ ಅದು ಅಲ್ಲಿಯದೋ, ನಾವು ಹಾಕಿದ ಹೆಪ್ಪೋ ಅಂತ ಹೇಳೋದು ಹೇಗೆ?

"ಮೊದಲೇ ಪೂರ್ತಿ ಶುದ್ಧ ಮಾಡಿ ಕಳಿಸಬೇಕಿತ್ತು" ಎಂದು ಒಬ್ಬ ಗೆಳೆಯ ವಾದಿಸಿದ. ಕ್ಯಾಸಿನಿ ಹಾರಿದ್ದು 1997ರಲ್ಲಿ. ಅಲ್ಲಿ ಸಮುದ್ರ ಇದೆ ಅಂತ ಆಗ ಯಾರಿಗೆ ಗೊತ್ತಿತ್ತು? ಕ್ಯಾಸಿನಿಯೇ ಹೋಗಿ ತಿಳಿಸಬೇಕಾಯ್ತು. ಗೆಲಿಲಿಯೋ ನೌಕೆಯನ್ನೂ ಯೂರೋಪಾ ಎಂಬ ಚಂದ್ರನ ಸಲುವಾಗಿ 2003ರಲ್ಲಿ ಹೀಗೇ ಗುರು ಗ್ರಹಕ್ಕೆ ಬೀಳಿಸಿದ್ದರು. ಇನ್ನು ದುಡ್ಡು ಹಾಳು ಅನ್ನೋ ಮಾತು. ಸುಟ್ಟುಹೋಗುವ ಮುಂಚೆ ಕ್ಯಾಸಿನಿ ಶನಿಗೂ ಅದರ ಬಳೆಗಳಿಗೂ ನಡುವೆ 22 ಸಲ ನುಗ್ಗಿ ಬಂತು, ಕೊನೇ ನಿಮಿಷದವರೆಗೂ ಮಾಹಿತಿ ಕಳಿಸಿತು.

ಕಣ್ಣಿಗೆ ಕಾಣದ ಒಂದು ಕ್ರಿಮಿಗೋಸ್ಕರ ಇಷ್ಟೆಲ್ಲಾ ಯಾಕೆ ಅಂತ ಕೇಳುತ್ತೀರಿ. ಭೂಮಿ ಬಿಟ್ಟು ಬೇರೆಲ್ಲೂ ಇಲ್ಲಿಯವರೆಗೆ ಒಂದೇ ಒಂದು ಜೀವಿ ಸಿಕ್ಕಿಲ್ಲ. ಮೊದಲು ಸಿಗುವುದನ್ನೇ ಅನುಮಾನದಿಂದ ನೋಡುವ ಹಾಗೆ ಮಾಡಿಡಲು ನಮಗೇನು ಹಕ್ಕಿದೆ?

ಯೂರೋಪಾ ಕ್ಲಿಪ್ಪರ್ ಎಂಬ ನೌಕೆ 2024ರ ಅಕ್ಟೋಬರಿನಲ್ಲಿ ಹೊರಟಿದೆ, 2030ಕ್ಕೆ ಗುರುವನ್ನು ತಲುಪಬೇಕು. ಅದೂ ಯೂರೋಪಾ ಮೇಲೆ ಇಳಿಯಲ್ಲ, ಹತ್ತಿರದಲ್ಲಿ ಹಾದುಹೋಗುತ್ತೆ ಅಷ್ಟೇ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ, ಇದರ ಪಕ್ಕದಲ್ಲೇ ಅಂಟಿಸೋಣ.