ಬಂಕಿನ ಬೋರ್ಡು ನೋಡಿ ಪೆಟ್ರೋಲ್ ಹಾಕಿಸಬೇಕೇ?

ಕಳೆದ ತಿಂಗಳ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಮಾತು ಗಡಿ, ಭಾಷೆ, ಶಾಲೆ ಎಲ್ಲವನ್ನೂ ದಾಟಿ ಪೆಟ್ರೋಲಿಗೆ ಬಂದು ನಿಂತಿತು. ಮೊಗ್ರಾಲಿನ ಹಿರಿಯ ಸದಸ್ಯರೊಬ್ಬರು ಕಾರು ಕೊಂಡಂದಿನಿಂದ ಒಂದೇ ಕಂಪೆನಿಯ ಪೆಟ್ರೋಲ್ ಹಾಕಿಸುವವರು. ಬೇರೆಯದ್ದು ಹಾಕಿದರೆ ಎಂಜಿನಿನ ಶಬ್ದವೇ ಬದಲಾಗುತ್ತದೆಂದು ಅವರ ವಾದ. ಉಪ್ಪಳದ ಯುವಕನೊಬ್ಬನಿಗೆ ಕಂಪೆನಿಯ ಚಿಂತೆಯೇ ಇಲ್ಲ. ತಲಪಾಡಿ ದಾಟಿದರೆ ಲೀಟರಿಗೆ ನಾಲ್ಕು ರೂಪಾಯಿ ಉಳಿಯುತ್ತದಲ್ಲ, ಅಷ್ಟು ಸಾಕು ಎಂದ. ಹಳೆಯ ಓಮ್ನಿಯಲ್ಲಿ ತರಕಾರಿ ಸಾಗಿಸುವ ಇನ್ನೊಬ್ಬರು ಇಬ್ಬರ ಮಾತನ್ನೂ ಕೇಳಿ, "ಕಂಪೆನಿಯೂ ಅಲ್ಲ, ರಾಜ್ಯವೂ ಅಲ್ಲ ಮಾರಾಯ್ರೇ, ಈಗ ಬರುವುದು ಪೆಟ್ರೋಲೇ ಅಲ್ಲ" ಎಂದುಬಿಟ್ಟರು. ಈ ಬರಹ ಹುಟ್ಟಿದ್ದು ಆ ಚಹಾದ ಲೋಟದಲ್ಲಿ.

ಮೊದಲು ಬೋರ್ಡಿನ ವಿಚಾರ. ನಮ್ಮ ಹಿರಿಯರಿಗೆ ಕಂಪೆನಿಯ ಹೆಸರಿನ ಮೇಲೆ ಇರುವ ನಂಬಿಕೆ ಸುಮ್ಮನೆ ಬಂದದ್ದಲ್ಲ. ಬರ್ಮಾ ಶೆಲ್, ಎಸ್ಸೋ, ಕಾಲ್ಟೆಕ್ಸ್ ಎಂಬ ವಿದೇಶಿ ಕಂಪೆನಿಗಳ ಕಾಲದಲ್ಲಿ ಹೆಸರಿಗೆ ತೂಕವಿತ್ತು. 1974ರಲ್ಲಿ ಎಸ್ಸೋ ರಾಷ್ಟ್ರೀಕರಣಗೊಂಡು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಬರ್ಮಾ ಶೆಲ್ ಸರಕಾರದ ಕೈಗೆ ಬಂದು ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಇಂಡಿಯನ್ ಆಯಿಲ್ ಮೊದಲಿಂದಲೂ ಸರಕಾರದ್ದೇ. ಅಂದರೆ ಹೆದ್ದಾರಿ ಬದಿಯಲ್ಲಿ ಬೇರೆ ಬೇರೆ ಬಣ್ಣದ ಬೋರ್ಡು ಹಾಕಿಕೊಂಡು ನಿಂತಿರುವ ಬಹುತೇಕ ಬಂಕುಗಳ ಹಿಂದಿರುವುದು ಮೂರು ಸರಕಾರಿ ಕಂಪೆನಿಗಳು.

ಈ ಮೂರೂ ಮಾರುವ ಪೆಟ್ರೋಲ್ ಒಂದೇ ಮಾನದಂಡಕ್ಕೆ ಒಳಪಟ್ಟಿದೆ. 2020ರ ಎಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಇಂಧನ ಕಡ್ಡಾಯ. ಅದರಲ್ಲಿ ಗಂಧಕದ ಅಂಶ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರುವಂತಿಲ್ಲ. ಬಿಎಸ್-4ರಲ್ಲಿ ಈ ಮಿತಿ 50 ಇತ್ತು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಕಂಪೆನಿಗಳು ಒಂದರ ರಿಫೈನರಿಯಿಂದ ಇನ್ನೊಂದು ತೈಲ ಪಡೆಯುತ್ತವೆ. ಮಂಗಳೂರಿನಿಂದ ಕೊಚ್ಚಿಗೋ, ಕೊಚ್ಚಿಯಿಂದ ಮಂಗಳೂರಿಗೋ ಟ್ಯಾಂಕರ್ ಓಡಿಸುವುದಕ್ಕಿಂತ ಹತ್ತಿರದಲ್ಲಿ ಸಿಕ್ಕಿದ್ದನ್ನು ಕೊಂಡುಕೊಳ್ಳುವುದು ಅಗ್ಗ. ಮಂಗಳೂರಿನ ಎಂಆರ್‌ಪಿಎಲ್ ಇದಕ್ಕೆ ಒಳ್ಳೆಯ ಉದಾಹರಣೆ. 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಜತೆಯಾಗಿ ಆರಂಭಿಸಿದ ಸಂಸ್ಥೆ ಅದು, 2003ರಲ್ಲಿ ಒಎನ್‌ಜಿಸಿಯ ಕೈಗೆ ಹೋಯಿತು. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ಸ್ವಂತ ಹೆಸರಿನ ಬಂಕುಗಳನ್ನು ಅದು ತೆರೆದದ್ದು ಈಚೆಗೆ. ಅದರ ಉತ್ಪನ್ನದ ಬಹುಪಾಲು ಇತರ ಕಂಪೆನಿಗಳ ಬೋರ್ಡಿನಡಿಯಲ್ಲೇ ಮಾರಾಟವಾಗುತ್ತದೆ. ಪಯ್ಯನ್ನೂರಿನ ಕಂಡಂಗಾಳಿಯಲ್ಲಿ ಗದ್ದೆ ತುಂಬಿಸಿ ತೈಲ ಸಂಗ್ರಹಾಗಾರ ಕಟ್ಟುವ ಯೋಜನೆ ಜನರ ಹೋರಾಟದಿಂದ ಕೈಬಿಟ್ಟದ್ದು ಹಲವರಿಗೆ ನೆನಪಿರಬಹುದು. ಅದು ಭಾರತ್ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಎರಡೂ ಸೇರಿ ಹಾಕಿಕೊಂಡ ಯೋಜನೆಯಾಗಿತ್ತು. ಬಂಕಿನ ಮುಂದೆ ಸ್ಪರ್ಧಿಗಳು, ಬಂಕಿನ ಹಿಂದೆ ಒಂದೇ ಮನೆಯ ಅಣ್ಣತಮ್ಮಂದಿರು.

ಹಾಗಾದರೆ ಕಂಪೆನಿಯ ಹೆಸರಿಗೆ ಅರ್ಥವೇ ಇಲ್ಲವೇ? ಅಮೆರಿಕದಲ್ಲಿರುವ ಮಕ್ಕಳನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಎಂಜಿನಿನ ವಾಲ್ವಿಗೆ ಮಸಿ ಕಟ್ಟದಂತೆ ಪೆಟ್ರೋಲಿಗೆ ಸೇರಿಸುವ ಶುದ್ಧಿಕಾರಕ ದ್ರವ್ಯದ ಪ್ರಮಾಣ ಅಲ್ಲಿ ಕಂಪೆನಿಯಿಂದ ಕಂಪೆನಿಗೆ ಬೇರೆ. ಸರಕಾರದ ಕನಿಷ್ಠ ಮಟ್ಟ ಸಾಲದೆಂದು ಕೆಲವು ಕಾರು ತಯಾರಕರೇ 2004ರಲ್ಲಿ 'ಟಾಪ್ ಟಿಯರ್' ಎಂಬ ಹೆಚ್ಚಿನ ಮಾನದಂಡ ತಂದರು. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಶನ್ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಆ ಮಾನದಂಡಕ್ಕೆ ಸೇರದ ಪೆಟ್ರೋಲ್ ವಾಲ್ವಿನ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಮಸಿ ಬಿಟ್ಟಿತ್ತು. ನಮ್ಮಲ್ಲಿ ಇಂತಹ ದ್ರವ್ಯ ಹೆಚ್ಚಾಗಿ ಸಿಗುವುದು ಎಕ್ಸ್‌ಪಿ95, ಸ್ಪೀಡ್, ಪವರ್ ಎಂಬ ಹೆಸರುಗಳಲ್ಲಿ ಲೀಟರಿಗೆ ಹಲವು ರೂಪಾಯಿ ಹೆಚ್ಚು ಕೊಟ್ಟರೆ. ಅವುಗಳಲ್ಲಿ ಆಕ್ಟೇನ್ ಕೂಡ ಹೆಚ್ಚು. ಆದರೆ ಆಕ್ಟೇನ್ ಎಂದರೆ ಶಕ್ತಿ ಅಲ್ಲ. ಎಂಜಿನಿನೊಳಗೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ ಅದು. ಒತ್ತಡ ಹೆಚ್ಚಿರುವ ಟರ್ಬೊ ಎಂಜಿನುಗಳಿಗೆ, ದುಬಾರಿ ಬೈಕುಗಳಿಗೆ ಅದು ಬೇಕು. ಕಾರಿನ ಜತೆ ಬಂದ ಪುಸ್ತಕದಲ್ಲಿ 91 ಸಾಕು ಎಂದಿದ್ದರೆ ಹೆಚ್ಚಿನ ಆಕ್ಟೇನಿಗೆ ಹಣ ಸುರಿಯುವುದು ಎಮ್ಮೆಗೆ ಚಿನ್ನದ ಗಂಟೆ ಕಟ್ಟಿದಂತೆ, ಹಾಲು ಅಷ್ಟೇ. ನಾನು ಒಂದು ವರ್ಷ ಹಾಕಿಸಿ ನೋಡಿದ್ದೇನೆ. ಮನಸ್ಸಿಗೆ ಮಾತ್ರ ಮೈಲೇಜ್ ಸಿಕ್ಕಿತು.

ಇನ್ನು ತಲಪಾಡಿಯ ಲೆಕ್ಕ. ಜಿಎಸ್‌ಟಿ ಬಂದು ಎಂಟು ವರ್ಷ ಕಳೆದರೂ ಪೆಟ್ರೋಲ್ ಅದರೊಳಗೆ ಬಂದಿಲ್ಲ, ಹಾಗಾಗಿ ರಾಜ್ಯಕ್ಕೊಂದು ತೆರಿಗೆ. ಮಾಹೆಯ ಮೂಲಕ ಹೋಗುವಾಗ ಕಾರುಗಳೆಲ್ಲ ಸಾಲುಗಟ್ಟಿ ನಿಲ್ಲುವುದೂ ಇದೇ ಕಾರಣಕ್ಕೆ, ಅದು ಪುದುಚೇರಿಯ ತೆರಿಗೆ. ಕರ್ನಾಟಕ 2024ರ ಜೂನಿನಲ್ಲಿ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಪೆಟ್ರೋಲ್ ಸುಮಾರು 3 ರೂಪಾಯಿ ದುಬಾರಿಯಾಯಿತು. ಕೇರಳದ್ದು ಶೇ. 30.08. ಅಂದರೆ ಮೂಲ ತೆರಿಗೆಯಲ್ಲಿ ಎರಡು ರಾಜ್ಯಗಳ ನಡುವೆ ಈಗ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಉಳಿದ ನಾಲ್ಕು ರೂಪಾಯಿ ಅಂತರದ ಬಹುಭಾಗ ಬರುವುದು ಕೇರಳ ಹಾಕುವ ಹೆಚ್ಚುವರಿ 1 ರೂಪಾಯಿ, ಶೇ. 1ರ ಸೆಸ್ ಮತ್ತು 2023ರ ಎಪ್ರಿಲ್ 1ರಿಂದ ಜಾರಿಯಾದ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್‌ನಿಂದ. ಕೊನೆಯದ್ದು ವೃದ್ಧರ, ವಿಧವೆಯರ ಪಿಂಚಣಿಗೆಂದು ತಂದದ್ದು. ಆ ಪಿಂಚಣಿ ಪಡೆಯುವವರು ನಮ್ಮ ಮನೆಗಳಲ್ಲೂ ಇದ್ದಾರೆ ಎಂಬುದನ್ನು ಉಪ್ಪಳದ ಯುವಕನಿಗೆ ಹೇಳಿದಾಗ ಅವನು ನಕ್ಕ. ನಾನೂ ನಕ್ಕೆ, ಏಕೆಂದರೆ ಮಂಗಳೂರಿನ ಆಸ್ಪತ್ರೆಗೆ ಹೋದಾಗ ನಾನೂ ಅಲ್ಲೇ ತುಂಬಿಸಿಕೊಂಡು ಬರುತ್ತೇನೆ.

ಆದರೆ ಅದಕ್ಕೆಂದೇ ಹೋಗುವವರು ಸ್ವಲ್ಪ ಕೂಡಿಸಿ ಕಳೆಯಬೇಕು. ಮೊಗ್ರಾಲಿನಿಂದ ತಲಪಾಡಿಗೆ ಸುಮಾರು 25 ಕಿಲೋಮೀಟರ್. ಹೋಗಿ ಬರುವಾಗ 50. ಲೀಟರಿಗೆ 17 ಕಿಲೋಮೀಟರ್ ಓಡುವ ಕಾರಾದರೆ ಹತ್ತಿರ ಹತ್ತಿರ 3 ಲೀಟರ್ ಖರ್ಚು, 300 ರೂಪಾಯಿಗೂ ಮೇಲೆ. 35 ಲೀಟರಿನ ಟ್ಯಾಂಕ್ ಪೂರ್ತಿ ತುಂಬಿಸಿದರೂ ಉಳಿಯುವುದು 140 ರೂಪಾಯಿ. ಹೊಸಂಗಡಿ, ಮಂಜೇಶ್ವರದವರಿಗೆ, ನಿತ್ಯ ಮಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರಿಗೆ ಲಾಭ ಇದೆ. ಪೆರ್ಲದವರು ಅಡ್ಕಸ್ಥಳ ದಾಟಿ ವಿಟ್ಲಕ್ಕೆ, ಮುಳ್ಳೇರಿಯದವರು ಸುಳ್ಯಕ್ಕೆ ಬೇರೆ ಕೆಲಸವಿದ್ದು ಹೋದಾಗಲೂ ಹಾಗೆಯೇ. ದಾರಿಯಲ್ಲಿ ಟೋಲ್ ಇದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಗಡಿಯಾಚೆಯ ಪೆಟ್ರೋಲ್ ಗುಣದಲ್ಲಿ ಮೇಲು ಎಂಬ ಮಾತೂ ಕೇಳಿಬರುತ್ತದೆ, ಅದಕ್ಕೆ ಆಧಾರವಿಲ್ಲ. ಎರಡೂ ಕಡೆ ಮಾನದಂಡ ಒಂದೇ.

ಈಗ ಓಮ್ನಿಯವರ ಮಾತಿಗೆ ಬರೋಣ, ಏಕೆಂದರೆ ನಿಜವಾದ ಸಮಸ್ಯೆ ಇರುವುದು ಅಲ್ಲಿ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಆಗ ಆಯ್ದ ಬಂಕುಗಳಲ್ಲಿ ಇದ್ದದ್ದು ಎರಡೇ ವರ್ಷದಲ್ಲಿ ಎಲ್ಲೆಡೆಯ ಸಾಮಾನ್ಯ ಪೆಟ್ರೋಲ್ ಆಯಿತು. 2030ಕ್ಕೆ ಇಟ್ಟಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದಾರೆ. ಎಥನಾಲನ್ನು ಸರಕಾರಿ ಕಂಪೆನಿಗಳು ಒಟ್ಟಾಗಿ ಟೆಂಡರ್ ಕರೆದು ಕೊಳ್ಳುತ್ತವೆ, ಸಂಗ್ರಹಾಗಾರದಲ್ಲೇ ಬೆರೆಸುತ್ತವೆ. ಆದ್ದರಿಂದ ಬೋರ್ಡು ಬದಲಾಯಿಸಿ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಥನಾಲ್ ಇಲ್ಲದ್ದೆಂದು ಹೆಸರಾದ 100 ಆಕ್ಟೇನಿನ ಪೆಟ್ರೋಲ್ ದೊಡ್ಡ ನಗರಗಳ ಕೆಲವೇ ಬಂಕುಗಳಲ್ಲಿ ಸಿಗುತ್ತದೆ, ಅದರ ಬೆಲೆ ಕೇಳಿ ಓಮ್ನಿಯವರು ಕೈಮುಗಿದರು.

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಭಾಗ ಎಥನಾಲ್ ಆದರೆ ಒಟ್ಟು ಶಕ್ತಿ ಶೇ. 6ರಿಂದ 7ರಷ್ಟು ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಲ್ಲಿ ಇಂಧನ ಕ್ಷಮತೆ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಕುಸಿಯಬಹುದೆಂದು ಅಂದಾಜಿಸಿತ್ತು. ಹೊಸ ಇಂಧನಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ಇದು ಶೇ. 1ರಿಂದ 2 ಮಾತ್ರ. 2025ರ ಆಗಸ್ಟಿನಲ್ಲಿ ಗದ್ದಲ ಎದ್ದಾಗ ಪೆಟ್ರೋಲಿಯಂ ಸಚಿವಾಲಯ ಇಳಿಕೆ ಅಲ್ಪವೆಂದೇ ಹೇಳಿತು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟುಗಳನ್ನು 20ರಿಂದ 30 ಸಾವಿರ ಕಿಲೋಮೀಟರಿನ ನಂತರ ಬದಲಿಸಬೇಕಾಗಬಹುದೆಂದೂ ಒಪ್ಪಿಕೊಂಡಿತು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಇಡಬೇಕೆಂಬ ಅರ್ಜಿಯನ್ನು ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

106 ರೂಪಾಯಿಯ ಪೆಟ್ರೋಲಿನಲ್ಲಿ ಶೇ. 6 ಎಂದರೆ ಆರು ರೂಪಾಯಿಗೂ ಹೆಚ್ಚು. ಉಪ್ಪಳದ ಯುವಕ ಗಡಿ ದಾಟಿ ಉಳಿಸುವುದಕ್ಕಿಂತ ಇದು ದೊಡ್ಡದು. ಮೊದಲೇ ಶೇ. 10 ಬೆರಕೆಯಾಗುತ್ತಿದ್ದ ಕಾರಣ ಅರ್ಧದಷ್ಟು ನಷ್ಟ ನಮಗೆ ಗೊತ್ತಾಗದೆಯೇ ಹೋಗಿತ್ತು, ಅಷ್ಟೇ. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರನಿಗೆ ಬೇಗ ಹಣ ಬರಲಿ, ವಿದೇಶಿ ತೈಲದ ಹೊರೆ ಇಳಿಯಲಿ, ಇದನ್ನು ಬೇಡ ಎನ್ನುವವ ನಾನಲ್ಲ. ಎಥನಾಲ್ ಕೊಳ್ಳಲು ಲೀಟರಿಗೆ 71 ರೂಪಾಯಿಗೂ ಹೆಚ್ಚು ಬೀಳುತ್ತದೆ, ಅಗ್ಗವಾಗಿ ಕೊಡಲು ಸಾಧ್ಯವಿಲ್ಲ ಎಂಬ ಸರಕಾರದ ಮಾತೂ ಕೇಳಿದ್ದೇನೆ. ಆದರೂ ಹೊಸ ಕಾರು ಕೊಳ್ಳುವ ಶಕ್ತಿಯಿದ್ದವನಿಗೆ ಶೇ. 2, ಹಳೆಯ ಓಮ್ನಿಯಲ್ಲೇ ಹೊಟ್ಟೆ ಹೊರೆಯುವವನಿಗೆ ಶೇ. 6 ಎಂಬ ಹಂಚಿಕೆ ನನಗೆ ಸರಿ ಕಾಣುವುದಿಲ್ಲ. 2023ರ ಎಪ್ರಿಲಿಗೆ ಮೊದಲು ತಯಾರಾದ ವಾಹನಗಳಿಗಾದರೂ ಶೇ. 10ರ ಪೆಟ್ರೋಲನ್ನು ಒಂದು ಪಂಪಿನಲ್ಲಿ ಉಳಿಸಬಹುದಿತ್ತು.

ನಮ್ಮ ಕರಾವಳಿಗೆ ಇನ್ನೊಂದು ತಲೆನೋವಿದೆ, ಮಳೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಅದರಲ್ಲೇ ಕರಗಿ ಎಂಜಿನ್ ದಾಟಿ ಹೋಗುತ್ತದೆ. ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲಿನಲ್ಲಿ ತಳದಲ್ಲಿ ನಿಲ್ಲುತ್ತಿದ್ದದ್ದು ಬರೀ ನೀರು. ಈಗ ನಿಲ್ಲುವುದು ಐದನೇ ಒಂದು ಪಾಲು ಇಂಧನವನ್ನೂ ಸೆಳೆದುಕೊಂಡ ನೀರು. ಎರಡು ವರ್ಷದ ಹಿಂದೆ ಜುಲೈಯ ಒಂದು ಸಂಜೆ ನನ್ನ ಕಾರು ಟ್ಯಾಂಕ್ ತುಂಬಿಸಿ ಹತ್ತು ನಿಮಿಷದೊಳಗೆ ಮೊಗ್ರಾಲ್ ಸೇತುವೆಯ ಹತ್ತಿರ ಕೆಮ್ಮಿ ಕೆಮ್ಮಿ ನಿಂತಿತು. ಮೆಕ್ಯಾನಿಕ್ ಪ್ಲಾಸ್ಟಿಕ್ ಬಾಟಲಿಗೆ ಇಳಿಸಿ ತೋರಿಸಿದ. ಮೇಲೆ ತಿಳಿ, ಕೆಳಗೆ ಗಂಜಿ ತಿಳಿಯಂತೆ ಮಸುಕು. ಬಂಕಿನ ಹೆಸರು ಇಲ್ಲಿ ಬೇಡ. ಅದೇ ಕಂಪೆನಿಯ ಇನ್ನೊಂದು ಬಂಕಿನಲ್ಲಿ ನಾನು ಇಂದಿಗೂ ಹಾಕಿಸುತ್ತೇನೆ, ಒಮ್ಮೆಯೂ ತೊಂದರೆಯಾಗಿಲ್ಲ. 2025ರ ಜೂನಿನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ನೀರು ಬೆರೆತ ಡೀಸೆಲ್ ಹಾಕಿಸಿಕೊಂಡು ಮುಖ್ಯಮಂತ್ರಿಯವರ ಬೆಂಗಾವಲಿನ 19 ವಾಹನಗಳೇ ರಸ್ತೆಯಲ್ಲಿ ನಿಂತವು. ಅಲ್ಲಿಯೂ ಕೆಟ್ಟದ್ದು ಒಂದು ಬಂಕಿನ ನೆಲದಡಿಯ ಟ್ಯಾಂಕು.

ಆದುದರಿಂದ ಹಿರಿಯರಿಗೆ ನನ್ನ ಉತ್ತರ: ಕಂಪೆನಿಯನ್ನಲ್ಲ, ಬಂಕನ್ನು ಆರಿಸಿ. ದಿನವಿಡೀ ವಾಹನ ಬರುವ, ಆಗಾಗ ಹೊಸ ಲೋಡು ಇಳಿಯುವ, ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತ ನೀರು ನಿಲ್ಲದ ಬಂಕು. ಆರು ಪಥದ ಹೆದ್ದಾರಿ ಬಂದ ಮೇಲೆ ಸರ್ವಿಸ್ ರಸ್ತೆಗಿಂತ ತಗ್ಗಿನಲ್ಲಿ ಉಳಿದ ಬಂಕುಗಳನ್ನು ಸ್ವಲ್ಪ ಗಮನಿಸಿ. ಸಂಶಯ ಬಂದರೆ ಫಿಲ್ಟರ್ ಕಾಗದ ಕೇಳುವ ಹಕ್ಕು ಗ್ರಾಹಕನಿಗಿದೆ. ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಅಳತೆಯಲ್ಲಿ ಅನುಮಾನವಾದರೆ ಮುದ್ರೆ ಹಾಕಿದ 5 ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಬೇಕು. ಸಾಂದ್ರತೆಯ ದಾಖಲೆಯನ್ನೂ ನೋಡಬಹುದು; 15 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದಾಗ ಘನ ಮೀಟರಿಗೆ 720ರಿಂದ 775 ಕಿಲೋ ನಡುವೆ ಇರಬೇಕು. ಬಿಲ್ಲು ಮಾತ್ರ ಮರೆಯದೆ ತೆಗೆದುಕೊಳ್ಳಿ. ಅಂದು ನನ್ನಲ್ಲಿ ಬಿಲ್ಲು ಇರಲಿಲ್ಲ, ಹಾಗಾಗಿ ರಿಪೇರಿಯ ಹಣವೂ ಹೋಯಿತು, ದೂರೂ ಹೋಯಿತು.

ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವವರು ಮನೆಯಲ್ಲಿ ನಿಲ್ಲಿಸಿ ಹೋಗುವ ಕಾರಿನ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ. ಖಾಲಿ ಜಾಗದಲ್ಲಿ ಮಳೆಗಾಲದ ತೇವ ಹನಿಗಟ್ಟುತ್ತದೆ. ಮನೆಯವರು ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸಲಿ. ಹಳೆಯ ವಾಹನದವರು ಮುಂದಿನ ಸರ್ವಿಸಿನಲ್ಲಿ ಪೆಟ್ರೋಲ್ ಹೋಗುವ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಓಮ್ನಿಯವರು ಕಳೆದ ವಾರ ನೋಡಿಸಿದರು. ಪೈಪು ಬಗ್ಗಿಸಿದಲ್ಲೆಲ್ಲ ಬಿರುಕು ಬಿಟ್ಟಿತ್ತಂತೆ. ಹೊಸದು ಹಾಕಿಸಿಕೊಂಡು, ಹಳೆಯದನ್ನು ಮುಂದಿನ ಸಭೆಗೆ ತರುತ್ತೇನೆ ಎಂದಿದ್ದಾರೆ.